ಕಥಾಸ್ಪರ್ಧೆಯ ನಿಯಮಾವಳಿಯಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಏನೆಂದು ಬರೆಯಬೇಕು?

ಅರ್ಧವಿರಾಮ (ಚರ್ಚೆ ಆರಂಭಿಸಿದವರು)

ಮಾನ್ಯರೇ, ಕಥಾಸ್ಪರ್ಧೆಗಳ ಪ್ರಕಟಣೆಗಳಲ್ಲಿ ನಾವು ವರ್ಷಗಳಿಂದ ಓದುತ್ತ ಬಂದಿರುವ ಸಾಲುಗಳು ಬದಲಾಗಿಲ್ಲ: ಕಥೆ ಸ್ವತಂತ್ರ ರಚನೆಯಾಗಿರಬೇಕು, ಅನುವಾದ, ಅನುಕರಣೆ, ರೂಪಾಂತರ ಆಗಿರಬಾರದು, ಈ ಮೊದಲು ಎಲ್ಲಿಯೂ ಪ್ರಕಟವಾಗಿರಬಾರದು, ತೀರ್ಪುಗಾರರ ತೀರ್ಮಾನವೇ ಅಂತಿಮ. ಇವನ್ನು ಬರೆದವರ ಕಣ್ಣಮುಂದೆ ಇದ್ದದ್ದು ಇನ್ನೊಬ್ಬರ ಕಥೆಯನ್ನು ಕದ್ದು ಕಳಿಸುವ ಮನುಷ್ಯ. ಚಾಟ್‌ಜಿಪಿಟಿಯಂಥ ತಂತ್ರಾಂಶದಿಂದ ಬರೆಸಿದ ಕಥೆಯಾದರೋ ಯಾವುದೇ ಒಂದು ಕಥೆಯ ಅನುವಾದವೂ ಅಲ್ಲ, ರೂಪಾಂತರವೂ ಅಲ್ಲ, ಹಿಂದೆ ಎಲ್ಲೂ ಅಚ್ಚಾಗಿಯೂ ಇರುವುದಿಲ್ಲ. ಹೀಗಾಗಿ ಹಳೆಯ ನಿಯಮವನ್ನು ಹಿಡಿದುಕೊಂಡು ಅದನ್ನು ತಳ್ಳಿಹಾಕಲು ಹೊರಟರೆ ಕಾರಣವೇ ಕೈಗೆ ಸಿಗುವುದಿಲ್ಲ.

ಚರ್ಚೆಗೆ ಆಧಾರವಾಗಲೆಂದು ಮೂರು ಪ್ರಸಂಗಗಳನ್ನು ಮುಂದಿಡುತ್ತೇನೆ. 2016ರಲ್ಲಿ ಜಪಾನಿನ ಹೋಶಿ ಶಿನಿಚಿ ಪ್ರಶಸ್ತಿಗೆ ಬಂದ 1,450 ಕಥೆಗಳಲ್ಲಿ 11ರ ರಚನೆಯಲ್ಲಿ ಯಂತ್ರದ ಪಾಲಿತ್ತು, ಅವುಗಳಲ್ಲಿ ಕನಿಷ್ಠ ಒಂದು ಮೊದಲ ಸುತ್ತನ್ನು ದಾಟಿತು. ಆದರೆ ಆ ಸ್ಪರ್ಧೆ ಮನುಷ್ಯರಲ್ಲದ ಕರ್ತೃಗಳಿಗೂ ಅವಕಾಶವಿದೆ ಎಂದು ಮೊದಲೇ ಸಾರಿತ್ತು, ಯಾರಿಗೂ ಮೋಸವಾಗಲಿಲ್ಲ. 2023ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದ ವಿಜ್ಞಾನ ಕಥಾಸ್ಪರ್ಧೆಯೊಂದರಲ್ಲಿ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶೆನ್ ಯಾಂಗ್ ಅವರು 66 ಪ್ರಾಂಪ್ಟ್‌ಗಳ (ಯಂತ್ರಕ್ಕೆ ಕೊಡುವ ಸೂಚನೆಗಳ) ಮೂಲಕ ಬರೆಸಿದ ಕಥೆಗೆ ಎರಡನೆಯ ದರ್ಜೆಯ ಬಹುಮಾನ ಬಂತು. ಆರು ಮಂದಿ ತೀರ್ಪುಗಾರರಲ್ಲಿ ಮೂವರು ಅದರ ಪರ ಮತ ಹಾಕಿದ್ದರು. ಕಥೆ ಯಂತ್ರದ್ದೆಂಬ ಸಂಗತಿಯನ್ನು ತೀರ್ಪುಗಾರರಲ್ಲಿ ಹೆಚ್ಚಿನವರಿಗೆ ಮೊದಲೇ ತಿಳಿಸಿರಲಿಲ್ಲ. 2024ರ ಜನವರಿಯಲ್ಲಿ ಜಪಾನಿನ ಸಾಹಿತ್ಯ ಪ್ರಶಸ್ತಿಯಾದ ಅಕುತಗಾವಾ ಪಡೆದ ರಿಯೆ ಕುದಾನ್ ಅವರು ತಮ್ಮ ಕಾದಂಬರಿಯ ಸುಮಾರು ಶೇಕಡಾ 5ರಷ್ಟು ಭಾಗ ಚಾಟ್‌ಜಿಪಿಟಿಯ ವಾಕ್ಯಗಳೇ ಎಂದು ತಾವಾಗಿಯೇ ಹೇಳಿದರು. ಆ ವಾಕ್ಯಗಳು ಕೃತಿಯೊಳಗಿನ ಎಐ ಒಂದರ ಉತ್ತರಗಳಾಗಿ ಬರುವಂಥವು ಎಂದು ಆಮೇಲೆ ಸ್ಪಷ್ಟಪಡಿಸಿದರು.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ನನ್ನ ಅನಿಸಿಕೆ. ಹಾಗಾದರೆ ನಿಯಮದ ಒಕ್ಕಣೆ ಹೇಗಿರಬೇಕು?

ಮೊದಲಸುತ್ತು

ಸ್ಪರ್ಧೆಗಳಲ್ಲಿ ಮೊದಲ ಸುತ್ತಿನ ಓದು ಮಾಡುವವರ ಪರವಾಗಿ ಎರಡು ಮಾತು ಹೇಳಬೇಕು. ತೀರ್ಪುಗಾರರ ಕೈಗೆ ಹೋಗುವುದು ಇಪ್ಪತ್ತೋ ಮೂವತ್ತೋ ಕಥೆ. ರಾಶಿ ಬಂದು ಬೀಳುವುದು ನಮ್ಮ ಮುಂದೆ. ಆದ್ದರಿಂದ ಯಂತ್ರದ ಕಥೆ ಬಹುಮಾನ ಹೊಡೆದೀತೆಂಬ ಭಯ ನಮಗೆ ಎರಡನೆಯದು. ಮೊದಲನೆಯದು ಪ್ರವಾಹದ ಭಯ. ಅಮೆರಿಕದ ವಿಜ್ಞಾನ ಕಥಾ ಮಾಸಿಕ ಕ್ಲಾರ್ಕ್ಸ್‌ವರ್ಲ್ಡ್ 2023ರ ಫೆಬ್ರವರಿ 20ರಂದು ಕಥೆಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಬೇಕಾಯಿತು. ಆ ತಿಂಗಳು ಅಲ್ಲಿಯವರೆಗೆ ಬಂದಿದ್ದ ಸುಮಾರು 1,200 ಕಥೆಗಳಲ್ಲಿ 500ರಷ್ಟು ಯಂತ್ರದಿಂದ ಬರೆಸಿದವಾಗಿದ್ದವು. ಸಂಪಾದಕ ನೀಲ್ ಕ್ಲಾರ್ಕ್ ಅವರ ಪ್ರಕಾರ ಅವನ್ನು ಕಳಿಸಿದವರಲ್ಲಿ ಹೆಚ್ಚಿನವರು ಬರಹಗಾರರಾಗಬೇಕೆಂದು ಹೊರಟವರಲ್ಲ. ಸುಲಭವಾಗಿ ಹಣ ಗಳಿಸುವ ದಾರಿ ಹೇಳಿಕೊಡುತ್ತೇವೆ ಎನ್ನುವವರ ಮಾತು ನಂಬಿ ಬಂದವರು. ಪತ್ರಿಕೆ ಮುಂದಿನ ತಿಂಗಳು ಬಾಗಿಲು ತೆರೆಯಿತು ಎನ್ನುವುದು ನಿಜ. ಆದರೆ ಆ ನಡುವೆ ಪ್ರಾಮಾಣಿಕವಾಗಿ ಬರೆದು ಕಾದು ಕುಳಿತಿದ್ದವರ ಗತಿ ಏನು?

ಇಂಥ ಕಥೆಯ ಪುಟ ಹೇಗಿರುತ್ತದೆಂದು ಕೇಳುವವರಿದ್ದಾರೆ. ಪಾತ್ರ ಅಳುವುದಕ್ಕೆ ಮುಂಚೆಯೇ ಅದು ಏಕೆ ಅಳುತ್ತದೆಂಬ ವಿವರಣೆ ಬಂದುಬಿಟ್ಟಿರುತ್ತದೆ. ಗಂಡ ಹೆಂಡತಿ ಜಗಳವಾಡಿದರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡು, ವ್ಯಾಕರಣಶುದ್ಧವಾಗಿ, ವಿಷಯ ಬಿಡದೆ ಉತ್ತರಿಸುತ್ತಾರೆ. ಹಳೆಯ ಲೆಕ್ಕ ತೆಗೆಯುವುದಿಲ್ಲ, ಅರ್ಧಕ್ಕೆ ಎದ್ದುಹೋಗುವುದಿಲ್ಲ. ಪ್ರತಿ ಪ್ಯಾರಾದ ಕೊನೆಗೆ ಸುಭಾಷಿತದಂಥ ಒಂದು ವಾಕ್ಯ. ಮಳೆ ಸುರಿದರೆ ಅದು ನೆನಪುಗಳ ಮಳೆ, ಅದರಲ್ಲಿ ಯಾರ ಚಪ್ಪಲಿಯೂ ಒದ್ದೆಯಾಗುವುದಿಲ್ಲ. ಒಂದನ್ನು ಓದಿದಾಗ ಇದು ಗೊತ್ತಾಗದು, ಹತ್ತು ಓದುವಷ್ಟರಲ್ಲಿ ಹತ್ತೂ ಒಬ್ಬರದೇ ಎನಿಸತೊಡಗುತ್ತದೆ. ಆದರೂ ಈ ಲಕ್ಷಣಗಳನ್ನು ಕಂಡಮಾತ್ರಕ್ಕೆ ಕಥೆಯನ್ನು ಬದಿಗಿಡುವ ಧೈರ್ಯ ನನಗಿಲ್ಲ, ಏಕೆಂದರೆ ಇವೆಲ್ಲವೂ ಮೊದಲ ಕಥೆ ಬರೆಯುತ್ತಿರುವ ಹುಡುಗ ಹುಡುಗಿಯರ ದೋಷಗಳೂ ಹೌದು. ಸ್ಪರ್ಧೆಗಳಿರುವುದೇ ಅಂಥವರಿಗಾಗಿ.

ಗಣಕಪ್ರಿಯ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಎಐ ಬರಹವನ್ನು ಪತ್ತೆಹಚ್ಚುವ ತಂತ್ರಾಂಶಗಳಿವೆ. ಬಂದ ಕಥೆಗಳನ್ನೆಲ್ಲ ಅದರಲ್ಲಿ ಹಾಯಿಸಿ, ಇಂತಿಷ್ಟು ಶೇಕಡಾಕ್ಕಿಂತ ಹೆಚ್ಚು ಬಂದವನ್ನು ಅನರ್ಹಗೊಳಿಸಿದರೆ ಓದುವವರ ಹೊರೆಯೂ ಇಳಿಯುತ್ತದೆ, ಪಕ್ಷಪಾತದ ದೂರೂ ಇರುವುದಿಲ್ಲ.

ಲೆಕ್ಕಿಗ

ಗಣಕಪ್ರಿಯ ಅವರೇ, ಆ ತಂತ್ರಾಂಶಗಳ ಮೇಲೆ ತಾವಿಟ್ಟಿರುವ ಭರವಸೆಯನ್ನು ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡೋಣ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥದ್ದೊಂದು ಪತ್ತೆ ಸಾಧನವನ್ನು ಬಿಡುಗಡೆ ಮಾಡಿತ್ತು. ಸಂಸ್ಥೆ ತಾನೇ ಕೊಟ್ಟ ಅಂಕಿಗಳ ಪ್ರಕಾರ ಅದು ಯಂತ್ರಬರಹದಲ್ಲಿ ಶೇಕಡಾ 26ರಷ್ಟನ್ನು ಮಾತ್ರ ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇಕಡಾ 9ರಷ್ಟನ್ನು ಯಂತ್ರದ್ದೆಂದು ತಪ್ಪಾಗಿ ಹೇಳುತ್ತಿತ್ತು. ಒಂದು ಸ್ಪರ್ಧೆಗೆ 1,000 ಕಥೆ ಬಂದಿವೆ, ಅವುಗಳಲ್ಲಿ 100 ಯಂತ್ರದವು ಎಂದಿಟ್ಟುಕೊಳ್ಳಿ. ಸಾಧನ ಸಿಕ್ಕಿಹಾಕಿಸುವುದು 26 ಯಂತ್ರಕಥೆಗಳನ್ನು. ಅದರ ಜೊತೆಗೆ ಉಳಿದ 900ರಲ್ಲಿ 81 ಮಂದಿ ನಿರಪರಾಧಿಗಳನ್ನು. ಅಂದರೆ ಅನರ್ಹರ ಪಟ್ಟಿಯಲ್ಲಿರುವ 107 ಹೆಸರುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಏನೂ ತಪ್ಪು ಮಾಡದವರು, ಮತ್ತು 74 ಯಂತ್ರಕಥೆಗಳು ಮರ್ಯಾದೆಯಾಗಿ ಮುಂದಿನ ಸುತ್ತಿಗೆ ಹೋಗುತ್ತವೆ. ನಿಖರತೆ ಸಾಲದೆಂದು ಸಂಸ್ಥೆ ಅದೇ ವರ್ಷದ ಜುಲೈಯಲ್ಲಿ ಆ ಸಾಧನವನ್ನು ಹಿಂತೆಗೆದುಕೊಂಡಿತು.

ಈಗಿನವು ಅದಕ್ಕಿಂತ ಸುಧಾರಿಸಿವೆ ಎಂದು ತಾವು ಹೇಳಬಹುದು, ಸುಧಾರಿಸಿಯೂ ಇರಬಹುದು. ಆದರೆ ತಪ್ಪು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್ ಪ್ರಾವೀಣ್ಯವನ್ನು ಅಳೆಯುವ ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದಾಗ, ಸರಾಸರಿ ಶೇಕಡಾ 61ರಷ್ಟು ಪ್ರಬಂಧಗಳು ಯಂತ್ರದವೆಂದು ಉತ್ತರ ಬಂದಿತ್ತು. ಸರಳವಾದ, ಪರಿಚಿತವಾದ ಪದಗಳನ್ನು ಬಳಸಿ ಎಚ್ಚರದಿಂದ ಬರೆಯುವವರ ವಾಕ್ಯವನ್ನು ಊಹಿಸುವುದು ಯಂತ್ರಕ್ಕೆ ಸುಲಭ. ಊಹಿಸಲು ಸುಲಭವಾದದ್ದನ್ನೆಲ್ಲ ಅದು ಯಂತ್ರದ್ದೆಂದೇ ಎಣಿಸುತ್ತದೆ. ಇದು ಇಂಗ್ಲಿಷಿನ ಕಥೆ. ಇಂಗ್ಲಿಷ್ ಪಠ್ಯದ ಮೇಲೆ ತಯಾರಾಗಿ ಪರೀಕ್ಷೆಗೊಳಗಾದ ಸಾಧನವನ್ನು ಬೇರೆ ಭಾಷೆಯ ಕಥೆಗೆ ಹಚ್ಚಿ, ಅದರಿಂದ ಬಂದ ಶೇಕಡಾವಾರನ್ನು ತೀರ್ಪೆಂದು ಕರೆಯುವುದು ನ್ಯಾಯವಲ್ಲ. ಪಕ್ಷಪಾತದ ದೂರು ಇರುವುದಿಲ್ಲ ಎಂದಿರಿ. ದೂರು ಇರುತ್ತದೆ, ಕೇಳಿಸಿಕೊಳ್ಳುವ ಕಿವಿ ಇರುವುದಿಲ್ಲ ಅಷ್ಟೆ.

ನೇರಮಾತು

ಎಲ್ಲರೂ ಕಳ್ಳನನ್ನು ಹಿಡಿಯುವ ಮಾತಾಡುತ್ತಿದ್ದೀರಿ. ಕಳ್ಳತನ ಎಲ್ಲಿ ನಡೆದಿದೆ? ಕಥಾಸ್ಪರ್ಧೆಯಲ್ಲಿ ಹೆಸರು ಮುಚ್ಚಿ ಓದುವುದೇ ಕೃತಿಯನ್ನು ನೋಡಬೇಕು, ಕರ್ತೃವನ್ನಲ್ಲ ಎಂಬ ಕಾರಣಕ್ಕೆ. ಜಿಯಾಂಗ್ಸುವಿನಲ್ಲಿ ಮೂವರು ತೀರ್ಪುಗಾರರಿಗೆ ಆ ಕಥೆ ಒಪ್ಪಿಗೆಯಾಯಿತು. ಬರೆದದ್ದು ಯಾರೆಂದು ತಿಳಿದ ಮೇಲೆ ಅದೇ ಕಥೆ ಕೆಟ್ಟದ್ದಾಗುತ್ತದೆ ಎಂದರೆ ಕೆಟ್ಟದ್ದು ಕಥೆಯೋ, ತೀರ್ಪೋ?

ಅರ್ಧವಿರಾಮ

ನೇರಮಾತು ಅವರ ಪ್ರಶ್ನೆಯನ್ನು ಹಗುರವಾಗಿ ದಾಟಲಾಗದು. ಪ್ರಕಾಶನದ ಮಟ್ಟಿಗೆ ಅವರ ವಾದದಲ್ಲಿ ಬಲವಿದೆ ಎಂದೇ ಒಪ್ಪುತ್ತೇನೆ. ಓದುಗ ಪುಸ್ತಕವನ್ನು ಕೊಳ್ಳುವಾಗ ಅದು ಹೇಗೆ ತಯಾರಾಯಿತೆಂದು ತಿಳಿದು, ಒಪ್ಪಿ ಕೊಂಡರೆ ಅದು ಅವನಿಗೂ ಪುಸ್ತಕಕ್ಕೂ ಬಿಟ್ಟ ವಿಷಯ. ಸ್ಪರ್ಧೆ ಹಾಗಲ್ಲ. ಅಲ್ಲಿ ನಡೆಯುವುದು ಹೋಲಿಕೆ. ನೂರಾರು ಜನ ಒಂದೇ ಷರತ್ತಿಗೆ ಒಪ್ಪಿ, ತಂತಮ್ಮ ಕಥೆಗಳನ್ನು ಪಕ್ಕಪಕ್ಕದಲ್ಲಿಡಲು ಒಪ್ಪಿದ್ದಾರೆ. ಹೆಸರು ಮುಚ್ಚುವುದು ಯಾರೋ ಪರಿಚಿತರಿಗೆ ಬಹುಮಾನ ಹೋಗದಿರಲೆಂದು. ಬರೆದವರು ಯಾರೂ ಇಲ್ಲದಿದ್ದರೂ ನಡೆಯುತ್ತದೆ ಎಂಬ ಅರ್ಥದಲ್ಲಿ ಅಲ್ಲ. ಷರತ್ತನ್ನು ಒಬ್ಬರು ಗುಟ್ಟಾಗಿ ಬದಲಿಸಿಕೊಂಡರೆ ಕಥೆಯ ಗುಣ ಎಷ್ಟೇ ಇರಲಿ, ಉಳಿದವರ ಜೊತೆಗಿನ ಹೋಲಿಕೆ ಕೆಟ್ಟಿತು. ಹೋಶಿ ಪ್ರಶಸ್ತಿಯಲ್ಲಿ ಅದು ಕೆಡಲಿಲ್ಲ, ಏಕೆಂದರೆ ಬಾಗಿಲು ಎಲ್ಲರ ಕಣ್ಣೆದುರೇ ತೆರೆದಿತ್ತು.

ಗುಣದ ಮಾತಿಗೂ ಒಂದು ಸಂಗತಿ ಸೇರಿಸುತ್ತೇನೆ. 2024ರ ಜುಲೈಯಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟವಾದ ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ ಅವರ ಅಧ್ಯಯನದಲ್ಲಿ ಸುಮಾರು 300 ಮಂದಿ ಪುಟ್ಟ ಕಥೆಗಳನ್ನು ಬರೆದರು, ಕೆಲವರಿಗೆ ಎಐ ನೀಡಿದ ಕಥಾವಸ್ತುವನ್ನು ಬಳಸಿಕೊಳ್ಳುವ ಅವಕಾಶವಿತ್ತು, 600 ಮಂದಿ ಓದಿ ಅಂಕ ಕೊಟ್ಟರು. ಸಹಾಯ ಪಡೆದವರ ಕಥೆಗಳಿಗೆ ಬಿಡಿಬಿಡಿಯಾಗಿ ನೋಡಿದರೆ ಹೆಚ್ಚು ಅಂಕ ಬಂತು, ಅದರಲ್ಲೂ ಬರವಣಿಗೆಯಲ್ಲಿ ಅಷ್ಟೇನೂ ಪಳಗದವರಿಗೆ ಲಾಭ ಹೆಚ್ಚು. ಆದರೆ ಆ ಕಥೆಗಳನ್ನೆಲ್ಲ ಒಟ್ಟಿಗೆ ಇಟ್ಟಾಗ ಅವು ಒಂದಕ್ಕೊಂದು ಹೆಚ್ಚು ಹೋಲುತ್ತಿದ್ದವು. ಸ್ಪರ್ಧಿಯೊಬ್ಬನ ಲಾಭವೂ ಸ್ಪರ್ಧೆಯ ನಷ್ಟವೂ ಒಂದೇ ಕಡೆಯಿಂದ ಬರುತ್ತಿರುವುದು ಇಲ್ಲಿ ಕಾಣುತ್ತದೆ. ಮೊದಲಸುತ್ತು ಅವರು ಹತ್ತು ಕಥೆಗಳ ಬಗ್ಗೆ ಹೇಳಿದ್ದೂ ಇದನ್ನೇ.

ಧ್ವನಿಬರಹ

ನನ್ನ ಬೆರಳುಗಳು ಕೀಲಿಮಣೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ಹೇಳುತ್ತೇನೆ, ಫೋನು ಬರೆದುಕೊಳ್ಳುತ್ತದೆ, ಆಮೇಲೆ ಒತ್ತಕ್ಷರದ ತಪ್ಪುಗಳನ್ನು ಇನ್ನೊಂದು ತಂತ್ರಾಂಶ ತೋರಿಸಿಕೊಡುತ್ತದೆ. ಇವೆರಡರ ಒಳಗೂ ಇರುವುದು ಕೃತಕ ಬುದ್ಧಿಮತ್ತೆಯೇ. ಯಾವುದೇ ರೀತಿಯ ಕೃತಕ ಬುದ್ಧಿಮತ್ತೆಯನ್ನು ಬಳಸಿರಬಾರದು ಎಂದು ಒಂದೇ ಸಾಲಿನಲ್ಲಿ ಬರೆದರೆ ಮೊದಲು ಹೊರಗೆ ಹೋಗುವವಳು ನಾನು, ಮತ್ತು ನಾನು ಸುಳ್ಳು ಹೇಳದವಳಾದ್ದರಿಂದಲೇ ಹೊರಗೆ ಹೋಗುತ್ತೇನೆ. ಸುಳ್ಳು ಹೇಳುವವರಿಗೆ ಆ ಸಾಲಿನಿಂದ ಏನೂ ಆಗುವುದಿಲ್ಲ.

ಹಾಗೆಂದು ನಮ್ಮಂಥವರ ಹೆಸರು ಹೇಳಿಕೊಂಡು ಎಲ್ಲವನ್ನೂ ಸಮರ್ಥಿಸುವುದನ್ನೂ ನಾನು ಒಪ್ಪುವುದಿಲ್ಲ. ನವೆಂಬರ್ ತಿಂಗಳಲ್ಲಿ 50,000 ಪದ ಬರೆಯುವ ಸವಾಲನ್ನು ನಡೆಸುತ್ತಿದ್ದ ನ್ಯಾನೋರೈಮೋ ಸಂಸ್ಥೆ, ಎಐಯನ್ನು ಸಾರಾಸಗಟಾಗಿ ಖಂಡಿಸುವುದರಲ್ಲಿ ಬಡವರ ಮತ್ತು ಅಂಗವಿಕಲರ ಬಗೆಗಿನ ತಾರತಮ್ಯದ ಛಾಯೆಯಿದೆ ಎಂಬ ಅರ್ಥದ ಹೇಳಿಕೆಯನ್ನು 2024ರಲ್ಲಿ ಹೊರಡಿಸಿದಾಗ, ಅಂಗವಿಕಲ ಬರಹಗಾರರಲ್ಲೇ ಬಹಳ ಮಂದಿ ಸಿಟ್ಟಾದರು. ನನಗೆ ಬೇಕಾದದ್ದು ಬೆರಳಿಗೆ ಬದಲಿ. ತಲೆಗೆ ಬದಲಿ ಬೇಕೆಂದು ನಾನು ಯಾರನ್ನೂ ಕೇಳಿಲ್ಲ.

ಕರಡುಪ್ರತಿ

ಧ್ವನಿಬರಹ ಅವರ ಮಾತಿನಿಂದಲೇ ಗೆರೆ ಎಲ್ಲಿ ಎಳೆಯಬೇಕೆಂಬುದು ಸ್ಪಷ್ಟವಾಗುತ್ತದೆ. ಕಥೆಯ ವಾಕ್ಯ ಯಾರಿಂದ ಹುಟ್ಟಿತು ಎಂಬಲ್ಲಿ ಎಳೆಯಬೇಕು. ಯಾವ ಸಾಧನ ಹತ್ತಿರವಿತ್ತು ಎಂಬಲ್ಲಿ ಅಲ್ಲ. ನಿಘಂಟು, ಕಾಗುಣಿತ ತಿದ್ದುವಿಕೆ, ಧ್ವನಿಯಿಂದ ಅಕ್ಷರ ಇವೆಲ್ಲ ಗೆರೆಯ ಈಚೆ. ದೃಶ್ಯವನ್ನೋ ಸಂಭಾಷಣೆಯನ್ನೋ ಯಂತ್ರದಿಂದ ಬರೆಸಿಕೊಂಡು ತಿದ್ದಿದ್ದು ಆಚೆ. ನಡುವೆ ಇರುವುದು ಕಥಾವಸ್ತುವಿನ ಸಲಹೆ ಮತ್ತು ಇಡೀ ಕರಡನ್ನು ಕೊಟ್ಟು ಭಾಷೆಯನ್ನು ಚಂದಗೊಳಿಸು ಎನ್ನುವ ಅಭ್ಯಾಸ. ಈ ಎರಡನೆಯದನ್ನು ಜನ ಕಾಗುಣಿತದ ಸಾಲಿಗೆ ಸೇರಿಸಿಬಿಡುತ್ತಾರೆ, ನನ್ನ ಆಕ್ಷೇಪ ಇರುವುದು ಅಲ್ಲಿಯೇ. ಅಜ್ಜಿಯೊಬ್ಬಳು ಕಥೆಯಲ್ಲಿ “ಬರಬ್ಯಾಡಂದ್ರೂ ಬಂದಿಯಲ್ಲ, ಕೂಡು” ಅಂದಿದ್ದಾಳೆ ಎನ್ನಿ. ಚಂದಗೊಳಿಸಿ ಬಂದ ಪ್ರತಿಯಲ್ಲಿ ಅವಳು “ಬರಬೇಡವೆಂದರೂ ನೀನು ಬಂದಿರುವೆ, ದಯವಿಟ್ಟು ಕುಳಿತುಕೋ” ಎನ್ನುತ್ತಾಳೆ. ಕಾಗುಣಿತ ಸರಿಯಾಯಿತು, ಅಜ್ಜಿ ಹೋದಳು. ಆ ಸಾಲಿನಲ್ಲಿ ಇದ್ದ ಮುನಿಸು, ಸಲಿಗೆ, ಸಂತೋಷ ಮೂರೂ ಲೇಖಕರವು. ಹೊಸ ಸಾಲು ಯಾರದೆಂದು ನಾನು ಹೇಳಲಾರೆ.

ಸಾಕ್ಷ್ಯದ ಬಗ್ಗೆ. ನಿಜವಾಗಿ ಬರೆದವರ ಹತ್ತಿರ ಗಜಿಬಿಜಿ ಕರಡು ಇರುತ್ತದೆ: ಹೆಸರು ಬದಲಾದ ಪಾತ್ರ, ಮೂರನೆಯ ಪುಟದಿಂದ ಮೊದಲಿಗೆ ಬಂದ ಪ್ಯಾರಾ, ಹೊಡೆದುಹಾಕಿ ಮತ್ತೆ ಬರೆದ ಕೊನೆ. ಕಡತದ ಹಳೆಯ ಆವೃತ್ತಿಗಳಲ್ಲೋ ನೋಟುಬುಕ್ಕಿನ ಹಾಳೆಯಲ್ಲೋ ಅದು ಉಳಿದಿರುತ್ತದೆ. 2023ರಲ್ಲಿ ಇಂಗ್ಲಿಷಿನ ಸೆಲ್ಫ್ ಪಬ್ಲಿಷ್ಡ್ ಫ್ಯಾಂಟಸಿ ಬ್ಲಾಗ್ ಆಫ್ ಎಂಬ ಕಾದಂಬರಿ ಸ್ಪರ್ಧೆಯ ಜೊತೆಗೆ ನಡೆಯುತ್ತಿದ್ದ ಮುಖಪುಟ ಸ್ಪರ್ಧೆಯಲ್ಲಿ ಗೆದ್ದ ಚಿತ್ರದ ಬಗ್ಗೆ ಅನುಮಾನ ಬಂದಾಗ, ಎಐ ಬಳಸಿಲ್ಲವೆಂದು ಕಲಾವಿದರು ಹೇಳಿದ್ದರೂ ಚಿತ್ರದ ಮೂಲ ಕಡತವನ್ನು ಬಿಡಿಸಿ ನೋಡಿದವರಿಗೆ ಯಂತ್ರದ ಚಿತ್ರಗಳು ಸಿಕ್ಕವು. ಪತ್ತೆ ತಂತ್ರಾಂಶ ಮಾಡಲಾಗದ ಕೆಲಸವನ್ನು ಕಡತ ಮಾಡಿತು. ಅದಾದ ಮೇಲೆ ಸಂಘಟಕರು ಮುಖಪುಟ ಸ್ಪರ್ಧೆಯನ್ನೇ ಕೈಬಿಟ್ಟರು ಎಂಬುದು ಬೇರೆ ಮಾತು.

ಗಣಕಪ್ರಿಯ

ಲೆಕ್ಕಿಗ ಅವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಕರಡನ್ನೂ ನಕಲಿಯಾಗಿ ತಯಾರಿಸಬಹುದಲ್ಲವೇ? ಯಂತ್ರವನ್ನೇ ಕೇಳಿದರೆ ಒಂದು ಗಜಿಬಿಜಿ ಕರಡನ್ನೂ ಬರೆದುಕೊಡುತ್ತದೆ.

ಹಿರಿಯ ಓದುಗ

ಕೊಡುತ್ತದೆ. ಅದಕ್ಕೇ ಕರಡನ್ನು ಕಾಗದವಾಗಿ ನೋಡದೆ ಮಾತಿಗೆ ನೆಪವಾಗಿ ನೋಡಬೇಕು. ತೀರ್ಪುಗಾರನ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಕೊನೆಯ ಸುತ್ತಿಗೆ ಬಂದ ಆರೇಳು ಮಂದಿಯೊಡನೆ, ಅಂಕ ಕೊಟ್ಟಾದ ಮೇಲೆ ಮತ್ತು ಫಲಿತಾಂಶ ಸಾರುವ ಮೊದಲು, ಅರ್ಧ ಗಂಟೆ ಮಾತಾಡಿದರೆ ಬಹಳಷ್ಟು ತಿಳಿಯುತ್ತದೆ. ನೀವು ಎಐ ಬಳಸಿದಿರಾ ಎಂದು ಕೇಳಬಾರದು. ಅದು ಪೊಲೀಸಿನವರ ಪ್ರಶ್ನೆ. ತಂಗಿಯ ಪಾತ್ರ ಎರಡನೆಯ ಭಾಗದಲ್ಲಿ ಏಕೆ ಮಾತಾಡುವುದಿಲ್ಲ, ಈ ಕಥೆ ಬೇರೆ ಯಾರ ದೃಷ್ಟಿಯಿಂದಾದರೂ ಶುರುವಾಗಿತ್ತೇ, ತೆಗೆದುಹಾಕಲು ಮನಸ್ಸಾಗದ ಭಾಗ ಯಾವುದಿತ್ತು ಎಂದು ಕೇಳಬೇಕು. ಬರೆದವರು ಇಂಥ ಪ್ರಶ್ನೆಗೆ ಉತ್ತರಿಸುವಾಗ ಎಡವುತ್ತಾರೆ, ವಾದಿಸುತ್ತಾರೆ, ಕೆಲವೊಮ್ಮೆ ಗೊತ್ತಿಲ್ಲ ಎನ್ನುತ್ತಾರೆ. ಸಂಕೋಚದವರು ಮಾತೇ ಆಡದಿರಬಹುದು, ಆದ್ದರಿಂದ ಬರೆದು ಉತ್ತರಿಸುವ ಅವಕಾಶವೂ ಇರಬೇಕು. ಮಾತುಕತೆಯಲ್ಲಿ ಅನುಮಾನ ಉಳಿದರೆ ಅದರ ಲಾಭ ಸ್ಪರ್ಧಿಗೇ ಹೋಗಲಿ. ಒಂದು ಯಂತ್ರಕಥೆಗೆ ಬಹುಮಾನ ಹೋಗುವುದಕ್ಕಿಂತ, ಸ್ವಂತವಾಗಿ ಬರೆದವನೊಬ್ಬನಿಗೆ ಕಳ್ಳನೆಂಬ ಹೆಸರು ಬರುವುದು ದೊಡ್ಡ ಅನ್ಯಾಯ.

ಯಾರೂ ಎತ್ತದ ಇನ್ನೊಂದು ವಿಷಯವಿದೆ. ನಿಯಮವೆಲ್ಲ ಸ್ಪರ್ಧಿಗಳಿಗೇ ಏಕೆ? ಮೊದಲ ಸುತ್ತಿನ ರಾಶಿಯನ್ನು ಎಐಗೆ ಕೊಟ್ಟು ಸಾರಾಂಶ ತರಿಸಿಕೊಳ್ಳುವ, ಅಂಕ ಹಾಕಿಸುವ ಆಮಿಷ ಸಂಘಟಕರಿಗೂ ಇದೆ. ಕಥೆಗಳು ಅಪ್ರಕಟಿತವಾಗಿರಬೇಕೆಂದು ಷರತ್ತು ಹಾಕಿದವರೇ ಆ ಅಪ್ರಕಟಿತ ಕಥೆಗಳನ್ನು ಲೇಖಕರ ಒಪ್ಪಿಗೆಯಿಲ್ಲದೆ ಹೊರಗಿನ ಸಂಸ್ಥೆಯೊಂದರ ಗಣಕಕ್ಕೆ ಏರಿಸುವುದು ಸರಿಯಲ್ಲ. ಪತ್ತೆ ತಂತ್ರಾಂಶಕ್ಕೆ ಹಾಕುವುದಕ್ಕೂ ಇದೇ ಆಕ್ಷೇಪ ಅನ್ವಯಿಸುತ್ತದೆ.

ಲೆಕ್ಕಿಗ

ಸಂಕಲನ ತರುವ ಸಂಘಟಕರು ಹಕ್ಕುಸ್ವಾಮ್ಯವನ್ನೂ ಗಮನಿಸಬೇಕು. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮನುಷ್ಯ ಬರೆದ ಭಾಗಕ್ಕೆ ಮಾತ್ರ ನೋಂದಣಿ ಸಿಗುತ್ತದೆ. ಬರೀ ಪ್ರಾಂಪ್ಟ್ ಕೊಟ್ಟದ್ದರಿಂದ ಕರ್ತೃತ್ವ ಬರುವುದಿಲ್ಲ ಎಂದು 2025ರ ಜನವರಿಯ ವರದಿಯಲ್ಲೂ ಅದು ಹೇಳಿದೆ. ಪ್ರತಿ ದೇಶದ ಕಾನೂನು ಬೇರೆ, ಆದರೆ ಕಥೆಯ ಹಕ್ಕು ತನ್ನದೆಂದು ಸ್ಪರ್ಧಿ ಸಹಿ ಹಾಕುವಾಗ ಏನನ್ನು ಬರೆದುಕೊಡುತ್ತಿದ್ದಾನೆಂಬುದು ಅವನಿಗೆ ತಿಳಿದಿರಬೇಕು.

ಅರ್ಧವಿರಾಮ

ಬಂದ ಮಾತುಗಳನ್ನೆಲ್ಲ ಇಟ್ಟುಕೊಂಡು ಒಂದು ಕರಡು ಒಕ್ಕಣೆ ಮಾಡಿದ್ದೇನೆ. ತಿದ್ದಬೇಕೆನಿಸಿದ್ದನ್ನು ತಿಳಿಸಬೇಕಾಗಿ ವಿನಂತಿ.

“ಕಥೆಯ ವಾಕ್ಯಗಳು ಸ್ಪರ್ಧಿಯ ಸ್ವಂತ ಬರವಣಿಗೆಯಾಗಿರಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಬರೆಸಿದ, ವಿಸ್ತರಿಸಿದ, ಅನುವಾದಿಸಿದ ಅಥವಾ ಪುನಃ ಬರೆಸಿದ ಭಾಗ ಕಥೆಯಲ್ಲಿರಬಾರದು. ಧ್ವನಿಯಿಂದ ಬರಹಕ್ಕೆ ಪರಿವರ್ತನೆ, ಓದಿ ಹೇಳುವ ಸಾಧನ, ಕಾಗುಣಿತ ಪರಿಶೀಲನೆ ಮತ್ತು ನಿಘಂಟಿನ ಬಳಕೆಗೆ ಅಭ್ಯಂತರವಿಲ್ಲ, ಅವನ್ನು ಘೋಷಿಸುವ ಅಗತ್ಯವೂ ಇಲ್ಲ. ಮೊದಲ ನಿಯಮಕ್ಕೆ ಅಪವಾದವಾಗಿ, ಪಾತ್ರವಾಗಿ ಯಂತ್ರವೇ ಮಾತಾಡುವಂಥ ಸಂದರ್ಭದಲ್ಲಿ ಯಂತ್ರದ ವಾಕ್ಯವನ್ನು ಬಳಸಿದ್ದರೆ ಆ ಸಾಲುಗಳನ್ನು ಗುರುತಿಸಿ ಕಳಿಸತಕ್ಕದ್ದು. ಕೊನೆಯ ಸುತ್ತಿಗೆ ಆಯ್ಕೆಯಾದವರು ಕಥೆಯ ಒಂದಾದರೂ ಹಿಂದಿನ ಕರಡನ್ನು ತೋರಿಸಿ, ತೀರ್ಪುಗಾರರೊಡನೆ ಮಾತಿನಲ್ಲಿ ಅಥವಾ ಬರಹದಲ್ಲಿ ಚರ್ಚಿಸಬೇಕಾಗಬಹುದು. ಪತ್ತೆ ತಂತ್ರಾಂಶದ ಫಲಿತಾಂಶವನ್ನು ಆಧರಿಸಿ ಯಾರನ್ನೂ ಅನರ್ಹಗೊಳಿಸುವುದಿಲ್ಲ. ಸಂಘಟಕರೂ ತೀರ್ಪುಗಾರರೂ ಬಂದ ಕಥೆಗಳನ್ನು ಯಾವುದೇ ಕೃತಕ ಬುದ್ಧಿಮತ್ತೆಯ ಸೇವೆಗೆ ಒಪ್ಪಿಸುವುದಿಲ್ಲ.”

ಮೊದಲಸುತ್ತು

ಒಕ್ಕಣೆ ಚೆನ್ನಾಗಿದೆ, ಆದರೆ ಪ್ರವಾಹಕ್ಕೆ ಇದರಲ್ಲಿ ತಡೆಯಿಲ್ಲ. ಕೊನೆಯ ಸುತ್ತಿನ ಚರ್ಚೆಯ ಹೊತ್ತಿಗೆ ನಾವು ಓದಿ ಮುಗಿಸಿರುತ್ತೇವೆ. ಒಬ್ಬರಿಗೆ ಒಂದೇ ಕಥೆ ಎಂಬ ಮಿತಿ ಸೇರಿಸಿ. ಪ್ರವೇಶ ಶುಲ್ಕ ಹಾಕಿದರೆ ಪ್ರವಾಹ ಇಳಿದೀತೆಂದು ಕೆಲವರು ಹೇಳುತ್ತಾರೆ. ಶುಲ್ಕ ಮೊದಲು ತಡೆಯುವುದು ಬಡ ಬರಹಗಾರರನ್ನು, ಆದ್ದರಿಂದ ಅದು ಬೇಡ.

ನೇರಮಾತು

ನನ್ನ ವಿರೋಧ ಪೂರ್ತಿ ಹೋಗಿಲ್ಲ. ಯಂತ್ರದೊಡನೆ ಕೂಡಿ ಬರೆಯುವವರಿಗೆ ಪ್ರತ್ಯೇಕ ವಿಭಾಗವಿಟ್ಟರೆ ಅವರು ಇಲ್ಲಿ ನುಸುಳಬೇಕಾದ ಅಗತ್ಯವೇ ಇರುವುದಿಲ್ಲ ಎಂಬುದು ನನ್ನ ಸೂಚನೆ. ಆದರೆ ಇಂಥ ಒಕ್ಕಣೆ ಮೊದಲೇ ಪ್ರಕಟವಾಗಿದ್ದರೆ, ಅದನ್ನು ಓದಿಯೂ ಮುರಿದವರ ಪರ ನಾನು ವಾದಿಸುವುದಿಲ್ಲ.

ಧ್ವನಿಬರಹ

ಓದಿ ಹೇಳುವ ಸಾಧನವನ್ನೂ ಸೇರಿಸಿದ್ದಕ್ಕೆ ಧನ್ಯವಾದ. ಒಂದು ತಿದ್ದುಪಡಿ: ಹಿಂದಿನ ಕರಡು ಎಂಬಲ್ಲಿ ಧ್ವನಿಮುದ್ರಣವೂ ನಡೆಯುತ್ತದೆ ಎಂದು ಸೇರಿಸಿ. ನನ್ನ ಮೊದಲ ಕರಡುಗಳು ಇರುವುದು ಆ ರೂಪದಲ್ಲೇ, ನಡುವೆ ಕೆಮ್ಮು ಸಮೇತ.

ಅರ್ಧವಿರಾಮ

ಒಬ್ಬರಿಗೆ ಒಂದೇ ಕಥೆ ಎಂಬ ಮಿತಿಯನ್ನೂ, ಕರಡು ಎಂಬಲ್ಲಿ ಕೈಬರಹ, ಗಣಕದ ಕಡತ ಅಥವಾ ಧ್ವನಿಮುದ್ರಣ ಎಂಬ ವಿವರಣೆಯನ್ನೂ ಸೇರಿಸಿದ್ದೇನೆ. ಪ್ರತ್ಯೇಕ ವಿಭಾಗದ ಸೂಚನೆಗೆ ಬೇರೆ ತೀರ್ಪುಗಾರರು, ಬೇರೆ ಮಾನದಂಡ ಬೇಕಾಗುವುದರಿಂದ ಅದನ್ನು ಈ ಒಕ್ಕಣೆಯಲ್ಲಿ ತಂದಿಲ್ಲ, ಆಸಕ್ತರು ಪ್ರತ್ಯೇಕ ಚರ್ಚೆ ಆರಂಭಿಸಬಹುದು. ಒಕ್ಕಣೆಯನ್ನು ಸ್ಪರ್ಧಾ ಸಮಿತಿಗೆ ಕಳಿಸುತ್ತಿದ್ದೇನೆ. ಅವರಿಂದ ಪ್ರಶ್ನೆ ಬಂದರೆ ಇಲ್ಲಿಯೇ ಹಾಕುತ್ತೇನೆ.